ಹುಳುವಿನ ಚಿತ್ರಕ್ಕೆ ಎಂತಹ ಕ್ಯಾಮರಾ ಬೇಕು?

ಪುಷ್ಯಮಾಸದಲ್ಲಿ ನಡೆಯುವ ಸುತ್ತೂರಿನ ಜಾತ್ರೆಗೆ ಹೋದವರು ಕಪಿಲಾ ನದಿಯ ದಡದ ಆ ಜನಸಂದಣಿಯ ನಡುವೆ ಕೃಷಿಮೇಳವನ್ನೂ ವಸ್ತುಪ್ರದರ್ಶನವನ್ನೂ ನೋಡಿಯೇ ಇರುತ್ತಾರೆ. ಒಮ್ಮೆ ಅಲ್ಲಿ ನನ್ನ ಗಮನವನ್ನು ಸೆಳೆದುದು ಯಂತ್ರಗಳಲ್ಲ, ಬೀಜದ ಮಳಿಗೆಗಳೂ ಅಲ್ಲ. ಮುಸುಕಿನ ಜೋಳ ಬೆಳೆದಿದ್ದ ರೈತರೊಬ್ಬರು ಜೇಬಿನಿಂದ ಫೋನನ್ನು ತೆಗೆದು, "ಇದು ಯಾವ ಹುಳ ನೋಡಿ ಸ್ವಾಮಿ, ಯಾವ ಔಷಧಿ ಹೊಡೀಬೇಕು?" ಎಂದು ತಿಳಿದವರೊಬ್ಬರನ್ನು ಕೇಳುತ್ತಿದ್ದರು. ಪರದೆಯ ಮೇಲೆ ಹಸಿರಿನ ನಡುವೆ ಕಂದುಬಣ್ಣದ ಒಂದು ಮಸುಕು ಗೆರೆ ಕಾಣುತ್ತಿತ್ತು. ತಲೆ ಯಾವುದು, ಬಾಲ ಯಾವುದು ಎಂಬುದು ತಿಳಿಯುವಂತಿರಲಿಲ್ಲ. "ಇದರಲ್ಲಿ ಏನೂ ಕಾಣುವುದಿಲ್ಲವಲ್ಲ" ಎಂದಾಗ ರೈತರು, "ಒಳ್ಳೆ ಕ್ಯಾಮರಾ ತಕೊಳ್ಳೋದು ನಮ್ಮ ಕೈಲಾಗುತ್ತಾ ಸ್ವಾಮಿ?" ಎಂದು ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಆ ಮಾತು ನನ್ನ ಮನಸ್ಸಿನಲ್ಲಿಯೇ ಉಳಿಯಿತು. ಹುಳುವಿನ ಸ್ಫುಟವಾದ ಚಿತ್ರಕ್ಕೆ ನಿಜವಾಗಿಯೂ ಹೆಚ್ಚಿನ ಬೆಲೆಯ ಕ್ಯಾಮರಾ ಬೇಕೆ? ಬೇಡವೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದು ಕೇವಲ ಹವ್ಯಾಸದ ಪ್ರಶ್ನೆಯಲ್ಲ. ಅಮೆರಿಕ ಖಂಡದಿಂದ ಹೊರಟ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಭಾರತದಲ್ಲಿ ಅದನ್ನು ಮೊದಲು ಗುರುತಿಸಿದುದು ನಮ್ಮ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿಯೇ. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರದಂತಹ ತಿಳಿಗೆರೆಯಿರುತ್ತದೆ. ಬಾಲದ ಸಮೀಪದಲ್ಲಿ, ಉದರದ ಎಂಟನೆಯ ಖಂಡದ ಮೇಲೆ, ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರವಾಗಿ ಕುಳಿತಿರುತ್ತವೆ. ಈ ನಾಲ್ಕು ಚುಕ್ಕೆಗಳು ಚಿತ್ರದಲ್ಲಿ ಮೂಡಿದರೆ ಹುಳುವಿನ ಗುರುತು ಸಿಕ್ಕಿತು. ಮೂಡದಿದ್ದರೆ ಉಳಿಯುವುದು ಊಹೆ. ಕಾಂಡದೊಳಗೆ ಸೇರುವ ಹುಳುವಿಗೆ ಮಾಡುವ ಉಪಚಾರ ಬೇರೆ, ಸುಳಿಯಲ್ಲಿ ಅಡಗುವ ಹುಳುವಿಗೆ ಮಾಡುವ ಉಪಚಾರ ಬೇರೆ. ಸಸ್ಯಹೇನುಗಳನ್ನು ತಿಂದು ರೈತನಿಗೆ ನೆರವಾಗುವ ಗುಲಗಂಜಿ ಹುಳುವಿನ ಮರಿಯನ್ನೇ ಶತ್ರುವೆಂದು ಭ್ರಮಿಸಿ ವಿಷ ಸಿಂಪಡಿಸಿದವರೂ ಇದ್ದಾರೆ. ಒಂದು ಮಸುಕು ಚಿತ್ರದಿಂದ ಹಣವೂ ಹೋಗಬಹುದು, ಬೆಳೆಯೂ ಹೋಗಬಹುದು.

ಈ ವಿಷಯದಲ್ಲಿ ನಾನೂ ಮೋಸಹೋದವನೇ. ಕೆಲವು ವರ್ಷಗಳ ಹಿಂದೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಿದ್ದ ಮೆಗಾಪಿಕ್ಸೆಲ್ ಸಂಖ್ಯೆಯನ್ನು ನೋಡಿ ಮರುಳಾಗಿ ಒಂದು ಕ್ಯಾಮರಾ ಕೊಂಡೆ. ಮನೆಗೆ ತಂದು ಎಲೆಯ ಮೇಲಿನ ಇರುವೆಯತ್ತ ಹಿಡಿದಾಗ, ಒಂದು ಗೇಣಿಗಿಂತ ಹತ್ತಿರದ ಯಾವ ವಸ್ತುವೂ ಅದಕ್ಕೆ ಸ್ಫುಟವಾಗಿ ಕಾಣದೆಂಬುದು ತಿಳಿಯಿತು. ತಪ್ಪು ಕ್ಯಾಮರಾದ್ದಲ್ಲ, ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚಿತ್ರಬಿಂದುಗಳು. 12 ಮೆಗಾಪಿಕ್ಸೆಲ್ ಚಿತ್ರದ ಅಗಲದಲ್ಲಿ ಸುಮಾರು 4000 ಬಿಂದುಗಳಿರುತ್ತವೆ. 4 ಸೆಂಟಿಮೀಟರ್ ಅಗಲದ ದೃಶ್ಯವನ್ನು ಅದರಲ್ಲಿ ತುಂಬಿಸಿದರೆ ಒಂದು ಮಿಲಿಮೀಟರಿಗೆ 100 ಬಿಂದುಗಳು ದೊರೆಯುತ್ತವೆ. ಅರ್ಧ ಮಿಲಿಮೀಟರಿನ ಚುಕ್ಕೆಯೂ 50 ಬಿಂದುಗಳಷ್ಟು ಅಗಲವಾಗಿ ಮೂಡುತ್ತದೆ. ಗುರುತು ಹಿಡಿಯಲು ಇದು ಧಾರಾಳವಾಗಿ ಸಾಕು. ಬಿಂದುಗಳು ಇದಕ್ಕಿಂತ ಎಷ್ಟೇ ಹೆಚ್ಚಿದ್ದರೂ, ಮಸೂರದಿಂದ ಬಂದ ಬಿಂಬವೇ ಮಸುಕಾಗಿದ್ದರೆ, ನಾವು ಪಡೆಯುವುದು ಮಸುಕನ್ನೇ. ಆದುದರಿಂದ ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಕ್ಯಾಮರಾ ಎಷ್ಟು ಚಿಕ್ಕ ವಸ್ತುವನ್ನು ಚೌಕಟ್ಟಿನ ತುಂಬ ಸ್ಫುಟವಾಗಿ ತೋರಿಸಬಲ್ಲುದು?

ಜೇಬಿನಲ್ಲಿರುವ ಫೋನನ್ನೇ ಮೊದಲು ತೆಗೆದುಕೊಳ್ಳೋಣ. ಅದರ ಮುಖ್ಯ ಕ್ಯಾಮರಾಕ್ಕೆ ಸಾಮಾನ್ಯವಾಗಿ ಸುಮಾರು 10 ಸೆಂಟಿಮೀಟರಿಗಿಂತ ಹತ್ತಿರದ್ದು ಸರಿಯಾಗಿ ಕಾಣದು. ನಾವು ಮಾಡುವ ತಪ್ಪೇನೆಂದರೆ, ಹುಳು ದೊಡ್ಡದಾಗಿ ಕಾಣಲೆಂದು ಫೋನನ್ನು ಅದರ ಮೂಗಿಗೇ ತಾಗಿಸುವುದು. ಜಾತ್ರೆಯಲ್ಲಿ ನಾನು ಕಂಡ ಚಿತ್ರ ಹಾಗೆ ತೆಗೆದದ್ದೇ ಇರಬೇಕು. ಸ್ವಲ್ಪ ಹಿಂದಕ್ಕೆ ಸರಿದು ಸ್ಫುಟವಾದ ಚಿತ್ರ ತೆಗೆದು, ಬೇಕಾದ ಭಾಗವನ್ನು ಆಮೇಲೆ ಕತ್ತರಿಸಿಕೊಂಡರೆ, ಮೂರೂವರೆ ಸೆಂಟಿಮೀಟರ್ ಉದ್ದದ ಬೆಳೆದ ಹುಳುವಿನ ಚುಕ್ಕೆಗಳು ಕಾಣಲು ಅಷ್ಟೇ ಸಾಕು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಆದರೆ ಹುಳು ಎಳೆಯದಾಗಿರುವಾಗಲೇ ಅದನ್ನು ಹಿಡಿಯುವುದು ಜಾಣತನ. ಬೆಳೆದು ಸುಳಿಯೊಳಗೆ ಸೇರಿದ ಮೇಲೆ ಔಷಧಿ ಅದಕ್ಕೆ ಮುಟ್ಟುವುದೇ ಕಷ್ಟ. ಎಳೆಯ ಹುಳುವಿನ ಮೇಲೆ ಚುಕ್ಕೆಗಳು ಸ್ಪಷ್ಟವಾಗಿರುವುದಿಲ್ಲ. ಆಗ ನೋಡಬೇಕಾದುದು ಸುಮಾರು 0.4 ಮಿಲಿಮೀಟರಿನ ಮೊಟ್ಟೆಗಳ ಗುಂಪನ್ನೂ ಅದರ ಮೇಲಿನ ನವಿರಾದ ಹೊದಿಕೆಯನ್ನೂ. ಇಲ್ಲಿ ಒಂದು ಮಸೂರದ ನೆರವು ಬೇಕು. ಚಾಳೀಸಿನ ಕನ್ನಡಕ ಹಾಕಿದೊಡನೆ ಹತ್ತಿರದ ಅಕ್ಷರ ತಿಳಿಯಾಗುವಂತೆ, ಕ್ಯಾಮರಾದ ಮುಂದೆ ಉಬ್ಬು ಮಸೂರವೊಂದನ್ನು ಹಿಡಿದರೆ ಅದಕ್ಕೂ ಹತ್ತಿರದ ದೃಷ್ಟಿ ಬರುತ್ತದೆ. 10 ಸೆಂಟಿಮೀಟರ್ ದೂರದವರೆಗೆ ಕಾಣಬಲ್ಲ ಫೋನಿಗೆ 10 ಡಯಾಪ್ಟರಿನ ಮಸೂರವನ್ನು ತೊಡಿಸಿದರೆ ಆ ದೂರ 5 ಸೆಂಟಿಮೀಟರಿಗೆ ಇಳಿಯುತ್ತದೆ. ಚಿತ್ರದಲ್ಲಿ ವಸ್ತು ಇಮ್ಮಡಿಯಾಗುತ್ತದೆ. ಕ್ಲಿಪ್ಪಿನಿಂದ ಸಿಕ್ಕಿಸುವ ಇಂತಹ ಮಸೂರಗಳು ಕೆಲವು ನೂರು ರೂಪಾಯಿಗಳಿಗೆ ಸಿಗುತ್ತವೆ. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಸೂಕ್ಷ್ಮಜೀವಿಗಳನ್ನು ಕಂಡುದು ತಾನೇ ಉಜ್ಜಿ ಮಾಡಿಕೊಂಡ ಒಂಟಿ ಮಸೂರದಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಕೆಲವು ಅಗ್ಗದ ಫೋನುಗಳಲ್ಲಿ 'ಮ್ಯಾಕ್ರೋ' ಎಂಬ ಹೆಸರಿನ 2 ಮೆಗಾಪಿಕ್ಸೆಲ್ಲಿನ ಪ್ರತ್ಯೇಕ ಕಣ್ಣೊಂದಿರುತ್ತದೆ. ಅದರ ಹೆಸರಿಗೆ ಮಾರುಹೋಗಬೇಕಾದುದಿಲ್ಲ. ಮುಖ್ಯ ಕ್ಯಾಮರಾಕ್ಕೆ ಒಳ್ಳೆಯ ಮಸೂರ ಸಿಕ್ಕಿಸಿದರೆ ಬಹುಮಟ್ಟಿಗೆ ಇದಕ್ಕಿಂತ ಉತ್ತಮ ಚಿತ್ರ ದೊರೆಯುತ್ತದೆ.

ಬೇರೆ ಕ್ಯಾಮರಾ ಕೊಳ್ಳಲೇಬೇಕೆನ್ನುವವರಿಗೆ ನನ್ನ ಸಲಹೆ, ಬೆಳಕನ್ನು ಗ್ರಹಿಸುವ ಫಲಕ ಚಿಕ್ಕದಾಗಿರುವ ಪುಟ್ಟ ಕ್ಯಾಮರಾವನ್ನು ನೋಡಿ ಎಂಬುದು, ಹಳೆಯದಾದರೂ ಚಿಂತೆಯಿಲ್ಲ. ಒಲಿಂಪಸ್ ಟಫ್ ಟಿಜಿ-6 ಎಂಬುದು ಇದಕ್ಕೊಂದು ನಿದರ್ಶನ. 2019ರಲ್ಲಿ ಬಂದ ಇದಕ್ಕಿರುವುದು ಬರಿಯ 12 ಮೆಗಾಪಿಕ್ಸೆಲ್. ಆದರೆ ಮಸೂರದಿಂದ ಒಂದೇ ಸೆಂಟಿಮೀಟರ್ ದೂರದ ವಸ್ತುವನ್ನೂ ಅದು ಸ್ಫುಟವಾಗಿ ಹಿಡಿಯುತ್ತದೆ. ಚಿಕ್ಕ ಫಲಕದ ಇನ್ನೊಂದು ಅನುಕೂಲವೆಂದರೆ, ಹುಳುವಿನ ತಲೆಯೂ ಬಾಲವೂ ಒಟ್ಟಿಗೆ ಸ್ಫುಟವಾಗುವುದು. ದೊಡ್ಡ ಕ್ಯಾಮರಾದಲ್ಲಿ ತಲೆ ತಿಳಿಯಾದರೆ ಬಾಲ ಮಸುಕಾಗುತ್ತದೆ. ಬೆಳಕಿನ ರಂಧ್ರವನ್ನು ಕಿರಿದುಮಾಡಿ ಈ ಕೊರತೆಯನ್ನು ನೀಗಿಸಬಹುದಾದರೂ ಆಗ ಬೆಳಕು ಸಾಲದೆ ಮತ್ತೊಂದು ದೀಪ ಬೇಕಾಗುತ್ತದೆ.

ದೊಡ್ಡ ಕ್ಯಾಮರಾ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಚಿಟ್ಟೆ, ಕೊಡತಿಹುಳುಗಳಂತಹ ಅಂಜುಬುರುಕ ಜೀವಿಗಳನ್ನು ದೂರದಿಂದಲೇ ದೊಡ್ಡದಾಗಿ ಹಿಡಿಯಲು ಅದರ ಮ್ಯಾಕ್ರೋ ಮಸೂರಕ್ಕೆ ಸಾಟಿಯಿಲ್ಲ. ಅಂತಹ ಕ್ಯಾಮರಾ ಮೊದಲೇ ಮನೆಯಲ್ಲಿದ್ದರೆ, ಹೊಸ ಮಸೂರದ ಬದಲು ಮಸೂರಕ್ಕೂ ಕ್ಯಾಮರಾಕ್ಕೂ ನಡುವೆ ಸೇರಿಸುವ ಟೊಳ್ಳು ಕೊಳವೆಯನ್ನು ಕೊಂಡರೆ ಸಾಕು. 50 ಮಿಲಿಮೀಟರ್ ನಾಭಿದೂರದ ಮಸೂರಕ್ಕೆ 25 ಮಿಲಿಮೀಟರ್ ಕೊಳವೆ ಸೇರಿದರೆ ಫಲಕದ ಮೇಲೆ ವಸ್ತುವಿನ ಅರ್ಧದಷ್ಟು ದೊಡ್ಡ ಬಿಂಬ ಮೂಡುತ್ತದೆ. ಆದರೆ ಎಲೆಯ ಮೇಲೆ ತೆವಳುವ ಹುಳುವಿಗಾಗಿ ಸಾಲ ಮಾಡಿ ದೊಡ್ಡ ಕ್ಯಾಮರಾ ಕೊಳ್ಳುವುದು ವಿವೇಕವಲ್ಲ.

ಅಂಗಡಿಗೆ ಹೋಗುವಾಗ ಮಕ್ಕಳ ಅಡಿಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಹೋಗಿರಿ. ಅದರ ಮಿಲಿಮೀಟರ್ ಗೆರೆಗಳು ಸ್ಫುಟವಾಗಿ ಕಾಣುವಷ್ಟು ಹತ್ತಿರದಿಂದ ಒಂದು ಚಿತ್ರ ತೆಗೆದು, ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಎಷ್ಟು ಮಿಲಿಮೀಟರ್ ಇದೆಯೆಂದು ಎಣಿಸಿರಿ. 140 ಬಂದರೆ ಬೆಳೆದ ಹುಳುವಿಗೆ ಸಾಕು. 40 ಬಂದರೆ ಎಳೆಯ ಹುಳುವಿಗೂ ಮೊಟ್ಟೆಗೂ ಸಾಕು. 10ರ ಆಸುಪಾಸಿಗೆ ಬಂದರೆ ಅರ್ಧ ಮಿಲಿಮೀಟರಿನ ಕೆಂಪು ನುಸಿಯೂ ತಪ್ಪಿಸಿಕೊಳ್ಳದು. ಜಾಹೀರಾತಿನ ಹತ್ತು ಮಾತುಗಳಿಗಿಂತ ಈ ಒಂದು ಎಣಿಕೆ ಮೇಲು.

ಚಿತ್ರ ತೆಗೆಯುವಾಗ ಅದೇ ಅಡಿಪಟ್ಟಿಯನ್ನು ಹುಳುವಿನ ಪಕ್ಕದಲ್ಲಿಟ್ಟರೆ ನೋಡುವವರಿಗೆ ಅಳತೆ ತಿಳಿಯುತ್ತದೆ. ಹತ್ತಿರ ಹೋದಂತೆಲ್ಲ ನಮ್ಮ ನೆರಳೇ ಹುಳುವಿನ ಮೇಲೆ ಬೀಳುವುದರಿಂದ, ಪಕ್ಕದಲ್ಲೊಂದು ಬಿಳಿಯ ರಟ್ಟು ಹಿಡಿದು ಬೆಳಕನ್ನು ತಿರುಗಿಸಬೇಕು. ಗಾಳಿಗೆ ಓಲಾಡುವ ಎಲೆಯನ್ನು ಇನ್ನೊಬ್ಬರು ಮೆಲ್ಲನೆ ಹಿಡಿದುಕೊಳ್ಳಲಿ. ಕೊನೆಯದಾಗಿ, ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವು ದಾರಿಯಲ್ಲಿ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ತೆಗೆದದ್ದು ತೆಗೆದಂತೆಯೇ ತಲಪುತ್ತದೆ.

ಸುತ್ತೂರಿನಲ್ಲಿಯೇ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಹುಳುವನ್ನು ಗುರುತಿಸಬಲ್ಲವರು ನಮ್ಮ ರೈತರಿಗೆ ದೂರದವರೇನೂ ಅಲ್ಲ. ಹೊಲಕ್ಕೂ ಅವರಿಗೂ ನಡುವೆ ಇರುವ ಕೊರತೆ ಒಂದು ಸ್ಫುಟವಾದ ಚಿತ್ರದ್ದು. ಪ್ರತಿ ಊರಿನ ಶಾಲೆಯಲ್ಲಿಯೋ ಹಾಲಿನ ಸಂಘದಲ್ಲಿಯೋ ಒಂದು ಮಸೂರ, ಒಂದು ಅಡಿಪಟ್ಟಿ, ಒಂದು ಬಿಳಿಯ ರಟ್ಟು ಇವಿಷ್ಟನ್ನು ಪೆಟ್ಟಿಗೆಯಲ್ಲಿಟ್ಟು, ಬೇಕಾದವರಿಗೆ ಎರವಲು ಕೊಟ್ಟರೆ ಆ ಕೊರತೆ ನೀಗುತ್ತದೆ. ಇವನ್ನು ಬಳಸುವ ಬಗೆಯನ್ನು ಪ್ರೌಢಶಾಲೆಯ ಹುಡುಗರು ಅರ್ಧ ಗಂಟೆಯಲ್ಲಿ ಕಲಿತು ತಮ್ಮ ಮನೆಯವರಿಗೂ ಕಲಿಸಿಯಾರು. ಮುಂದಿನ ಜಾತ್ರೆಯಲ್ಲಿ ಆ ರೈತರು ಮತ್ತೆ ಸಿಕ್ಕಿದರೆ, ಒಳ್ಳೆಯ ಕ್ಯಾಮರಾ ಅವರ ಜೇಬಿನಲ್ಲಿಯೇ ಇದೆಯೆಂದು ಹೇಳುವ ಆಸೆ ನನಗಿದೆ.