ಕ್ರೀಡಾಪಟುವಿನ ಕಿವಿಯನ್ನೂ ಪರೀಕ್ಷಿಸಿ

ವಿಜಯಪುರ ಜಿಲ್ಲೆಯ ಹಲಸಂಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜು ಹುಡುಗ ಹುಡುಗಿಯರು ಆಡುವ ಕುಸ್ತಿ, ಕಬಡ್ಡಿ, ಖೋ ಖೋ, ಸೈಕ್ಲಿಂಗ್‌ಗಳಿಗೆ ತೋಳು ತೊಡೆಗಳ ಬಲ ಎಷ್ಟು ಬೇಕೋ ದೇಹದ ಸಮತೋಲವೂ ಅಷ್ಟೇ ಬೇಕು. ತಂಡ ಕಟ್ಟುವಾಗ ಎತ್ತರ, ತೂಕ, ವೇಗ ನೋಡುತ್ತೇವೆ, ಕಿವಿಯನ್ನು ನೋಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಕ್ರೀಡಾಪಟುವಿನ ಶ್ರವಣ ಮತ್ತು ಸಮತೋಲ ಎರಡನ್ನೂ ಕಾಲೇಜು ಸೇರಿದ ವರ್ಷವೇ ಒಟ್ಟಿಗೆ ಪರೀಕ್ಷಿಸಬೇಕು. ಇವೆರಡೂ ಒಂದೇ ಅಂಗದ ಕೆಲಸ. ಒಳಗಿವಿಯ ಒಂದು ಭಾಗ ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ಹೊಂದಿಕೊಂಡ ಮೂರು ಅರೆವೃತ್ತ ನಾಳಗಳು ತಲೆ ಹೇಗೆ ತಿರುಗಿತೆಂದು, ಎರಡು ಪುಟ್ಟ ಚೀಲಗಳು ಅದು ಎತ್ತ ವಾಲಿತೆಂದು ಮಿದುಳಿಗೆ ತಿಳಿಸುತ್ತವೆ. ಎರಡೂ ಸುದ್ದಿಯನ್ನು ಒಯ್ಯುವುದು ಎಂಟನೆಯ ಕಪಾಲ ನರ. ಆದ್ದರಿಂದ ಬಾಲ್ಯದ ಮಿದುಳು ಪೊರೆಯ ಉರಿಯೂತ, ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಔಷಧ, ತಲೆಗೆ ಬಿದ್ದ ಪೆಟ್ಟು, ಇವು ಶ್ರವಣವನ್ನೂ ಸಮತೋಲವನ್ನೂ ಕೆಡಿಸಬಲ್ಲವು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಭಾಗದಲ್ಲಿ ಹುಟ್ಟು ಕಿವುಡಿನ ಸಾಧ್ಯತೆಯೂ ಹೆಚ್ಚು. ತೀವ್ರ ಶ್ರವಣದೋಷವುಳ್ಳ ಎಲ್ಲರಿಗೂ ಸಮತೋಲದ ತೊಂದರೆ ಇರುವುದಿಲ್ಲ, ಆದರೆ ಅನೇಕರಿಗೆ ಇರುತ್ತದೆ. ಯಾರಿಗಿದೆ, ಯಾರಿಗಿಲ್ಲ ಎಂಬುದು ಪರೀಕ್ಷಿಸಿದರಷ್ಟೇ ತಿಳಿಯುತ್ತದೆ.

ಚೆನ್ನಾಗಿ ಓಡುವ, ಹಾರುವ ಹುಡುಗನಿಗೆ ಸಮತೋಲ ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ನಾವು ಬೀಳದಂತೆ ನಿಲ್ಲುವುದು ಕಣ್ಣು, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ, ಒಳಗಿವಿ ಈ ಮೂರರ ಆಸರೆಯಿಂದ. ಒಳಗಿವಿ ಸೋತರೆ ಉಳಿದೆರಡು ಆ ಭಾರ ಹೊರುತ್ತವೆ, ಅಭ್ಯಾಸ ಅವನ್ನು ಇನ್ನಷ್ಟು ಚುರುಕಾಗಿಸುತ್ತದೆ. ಹೀಗಾಗಿ ಒಳ್ಳೆಯ ಆಟಗಾರನಲ್ಲಿ ದೋಷ ಮುಚ್ಚಿಹೋಗಿರುತ್ತದೆ. ಮಬ್ಬುಗತ್ತಲ ಮೈದಾನದಲ್ಲಿ, ಹುಡಿಮಣ್ಣಿನ ಅಖಾಡದಲ್ಲಿ, ಥಟ್ಟನೆ ತಲೆ ತಿರುಗಿಸಿದಾಗ ಆಯ ತಪ್ಪುತ್ತದೆ. ಈಜುವವರಿಗಂತೂ ಇದು ಜೀವದ ಪ್ರಶ್ನೆ: ನೀರೊಳಗೆ ಕಣ್ಣು ಮಂಜಾಗಿ ಕಾಲಿಗೆ ನೆಲ ಸಿಗದಾಗ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯದೆ ಹೋಗಬಹುದು.

ಪರೀಕ್ಷೆಯ ನೆಪದಲ್ಲಿ ಕಿವುಡ ವಿದ್ಯಾರ್ಥಿಗಳನ್ನು ತಂಡದಿಂದ ಹೊರಗಿಡುತ್ತಾರೆ ಎಂಬ ಆತಂಕ ಮೊದಲ ಆಕ್ಷೇಪಕ್ಕಿಂತ ಗಂಭೀರವಾದದ್ದು. ಅದಕ್ಕೆ ಅವಕಾಶವೇ ಇರಕೂಡದು. 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಕಿವುಡರ ಒಲಿಂಪಿಕ್ಸ್, ಇಂದಿನ ಡೆಫ್ಲಿಂಪಿಕ್ಸ್, ಉತ್ತಮ ಕಿವಿಯಲ್ಲೂ ಕನಿಷ್ಠ 55 ಡೆಸಿಬಲ್ ಶ್ರವಣ ನಷ್ಟವಿರುವವರ ಕೂಟ. ಅಲ್ಲಿ ಓಟದ ಆರಂಭಕ್ಕೆ ದೀಪದ ಸಂಕೇತವುಂಟು. ಹರಿಯಾಣದ ಕಿವುಡ ಕುಸ್ತಿಪಟು ವೀರೇಂದರ್ ಸಿಂಗ್ ಅಲ್ಲಿ ಮತ್ತೆ ಮತ್ತೆ ಚಿನ್ನ ಗೆದ್ದು ಪದ್ಮಶ್ರೀ ಪಡೆದರು. ಪರೀಕ್ಷೆಯಿಂದ ದೋಷ ಗೊತ್ತಾದರೆ ತರಬೇತುದಾರರು ಸೀಟಿಯ ಜೊತೆಗೆ ಬಾವುಟ ಬಳಸುತ್ತಾರೆ, ಸಮತೋಲದ ವ್ಯಾಯಾಮ ಹೆಚ್ಚಿಸುತ್ತಾರೆ, ಬೆಳಕಿರುವಾಗ ಅಭ್ಯಾಸ ಇಡುತ್ತಾರೆ. ಗೊತ್ತಾಗದಿದ್ದರೆ ಅದೇ ವಿದ್ಯಾರ್ಥಿಗೆ ‘ಹೇಳಿದ್ದು ಕೇಳುವುದಿಲ್ಲ’ ಎಂಬ ಬೈಗುಳವೇ ಗತಿ.

ತಾಲ್ಲೂಕಿನಲ್ಲಿ ತಜ್ಞರಿಲ್ಲ, ಹಣವಿಲ್ಲ ಎಂಬ ಮಾತೂ ಬರುತ್ತದೆ. ಮೊದಲ ಹಂತಕ್ಕೆ ಇವೆರಡೂ ಬೇಕಿಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ ತಲೆಗೆ ಪೆಟ್ಟಾದವರಿಗಾಗಿ ಬಳಸುವ ಒಂದು ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಮೂರು ಭಂಗಿಗಳಲ್ಲಿ, ಮೊದಲು ಗಟ್ಟಿ ನೆಲದ ಮೇಲೆ, ನಂತರ ಮೆತ್ತನೆಯ ಫೋಮ್ ಮೇಲೆ, ತಲಾ 20 ಸೆಕೆಂಡು ನಿಲ್ಲಬೇಕು. ಕಣ್ಣಿಗೂ ಪಾದಕ್ಕೂ ಕೆಲಸ ಕಡಿಮೆಯಾಗಿ ಒಳಗಿವಿಯ ಶಕ್ತಿ ಬಯಲಾಗುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರು ಇದನ್ನು ಮೈದಾನದಲ್ಲೇ ಮಾಡಬಹುದು. ಸಂಶಯ ಬಂದವರನ್ನಷ್ಟೇ ವಿಜಯಪುರಕ್ಕೆ, ಅಗತ್ಯಬಿದ್ದರೆ 1965ರಿಂದ ಕೆಲಸ ಮಾಡುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದರೆ ಸಾಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ 18 ವರ್ಷಕ್ಕೆ ಮುಗಿಯುತ್ತದೆ. ಪದವಿ ತರಗತಿಯ ಆಟ ಬಿರುಸಾಗುವುದು ಆ ವಯಸ್ಸಿನಲ್ಲೇ. ಈ ಅಂತರವನ್ನು ತುಂಬುವ ಹೊಣೆ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಮತ್ತು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ್ದು. ಅಂತರ ಕಾಲೇಜು ಕೂಟಗಳ ವೈದ್ಯಕೀಯ ಪ್ರಮಾಣಪತ್ರದಲ್ಲಿ ಶ್ರವಣಕ್ಕೊಂದು, ಸಮತೋಲಕ್ಕೊಂದು ಸಾಲು ಸೇರಿಸಲಿ. ಅದರ ಕೆಳಗೇ, ಈ ಕಾರಣಕ್ಕಾಗಿ ಯಾರನ್ನೂ ಆಟದಿಂದ ಕೈಬಿಡಬಾರದೆಂಬ ನಿಯಮವನ್ನೂ ಮುದ್ರಿಸಲಿ.