ಬೆಳಕು ಅಳೆದ ಸಿಹಿಗೆ ಸಾಕ್ಷಿ ಯಾರು?

ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ಅಕ್ಟೋಬರ್ ಕೊನೆಯಲ್ಲಿ ಆರಂಭವಾದ ಕಬ್ಬು ಬೆಳೆಗಾರರ ಧರಣಿಯ ಬೇಡಿಕೆ ಟನ್‌ಗೆ 3,500 ರೂಪಾಯಿ. ನವೆಂಬರ್ ಮೊದಲ ವಾರದಲ್ಲಿ ರಾಜ್ಯ ಸರ್ಕಾರ 3,300 ರೂಪಾಯಿಗೆ ಇತ್ಯರ್ಥಪಡಿಸಿತು. ನಗರದಲ್ಲಿ ಸುದ್ದಿ ಓದಿದವರ ಮನಸ್ಸಿನಲ್ಲಿ ಉಳಿದದ್ದು ಈ ಎರಡು ಅಂಕಿಗಳು. ಅವುಗಳ ಬುಡದಲ್ಲಿ ಇನ್ನೊಂದು ಅಂಕಿಯಿದೆ: ಸಕ್ಕರೆ ಇಳುವರಿ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ 10.25ರ ಇಳುವರಿಗೆ ಅನ್ವಯ. ಇಳುವರಿ ಶೇ 0.1ರಷ್ಟು ಏರಿದರೆ 3.46 ರೂಪಾಯಿ ಹೆಚ್ಚು. ಇಳಿದರೆ, ಶೇ 9.5ರವರೆಗೆ, ಅಷ್ಟೇ ಕಡಿತ. ಹತ್ತು ಲಕ್ಷ ಟನ್ ಕಬ್ಬು ನುರಿಸುವ ಕಾರ್ಖಾನೆಯೊಂದರಲ್ಲಿ ಈ ದಶಾಂಶದ ಒಂದು ಅಂಕಿಯ ಬೆಲೆ 3.46 ಕೋಟಿ ರೂಪಾಯಿ.

ಈ ಲೆಕ್ಕದ ಮೂಲ ಕಾರ್ಖಾನೆಯ ಪ್ರಯೋಗಾಲಯದಲ್ಲಿದೆ. ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಒಂದೇ ಸಮತಲದಲ್ಲಿ ಕಂಪಿಸುವಂತೆ ಅವನ್ನು ಸೋಸಿದರೆ ಅದು ಧ್ರುವೀಕೃತ ಬೆಳಕು. ಸಕ್ಕರೆಯ ದ್ರಾವಣ ಆ ಸಮತಲವನ್ನು ಬಲಕ್ಕೆ ತಿರುಗಿಸುತ್ತದೆ; ಸಕ್ಕರೆ ಹೆಚ್ಚಿದಷ್ಟೂ ತಿರುವು ಹೆಚ್ಚು. ಸಾವಯವ ದ್ರವಗಳ ಈ ಗುಣವನ್ನು ಫ್ರಾನ್ಸಿನ ವಿಜ್ಞಾನಿ ಬಿಯೊ 1815ರಲ್ಲಿ ಗುರುತಿಸಿದ. ಇಂದು 26 ಗ್ರಾಂ ಶುದ್ಧ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಿ, 200 ಮಿಲಿಮೀಟರ್ ಕೊಳವೆಯಲ್ಲಿ ನೋಡಿದಾಗ ಬರುವ ತಿರುವೇ ಅಂತರರಾಷ್ಟ್ರೀಯ ಮಾಪನದ ನೂರು. ಕಬ್ಬಿನ ರಸದಲ್ಲಿ ಬಂದದ್ದೆಷ್ಟು, ಸಿಪ್ಪೆ, ಮಡ್ಡಿ ಮತ್ತು ಕಾಕಂಬಿಯಲ್ಲಿ ಉಳಿದದ್ದೆಷ್ಟು ಎಂಬುದನ್ನು ಪೋಲಾರಿಮೀಟರ್ ಹೀಗೆ ಹೇಳುತ್ತದೆ.

ಉಪಕರಣವನ್ನು ಪರೀಕ್ಷಿಸುವ ದಾರಿಯೂ ಸರಳ. ದಿಕ್ಕು ಬದಲಾದರೆ ಗುಣವೂ ಬದಲಾಗುವ ಹರಳು ಕ್ವಾರ್ಟ್ಸ್. ಅದನ್ನು ಅಕ್ಷಕ್ಕೆ ಲಂಬವಾಗಿ ಕತ್ತರಿಸಿ ಮಾಡಿದ ಬಿಲ್ಲೆ ಬೆಳಕನ್ನು ಎಷ್ಟು ತಿರುಗಿಸುತ್ತದೆಂಬುದು ಮೊದಲೇ ಖಚಿತ. ಬಿಲ್ಲೆಯನ್ನಿಟ್ಟಾಗ ಆ ಅಂಕಿ ಬಾರದಿದ್ದರೆ ದೋಷ ಉಪಕರಣದ್ದು. ಹರಳಿಗೆ ಮಾಲೀಕನೂ ಒಂದೇ, ರೈತನೂ ಒಂದೇ.

ಆದರೆ ಉಪಕರಣದ ಮುಂದೆ ಬರುವ ಮಾದರಿಯ ಬಗ್ಗೆ ಹಾಗೆ ಹೇಳಲಾಗದು. ಕಡಿದ ಕಬ್ಬು ದಿನಗಟ್ಟಲೆ ಬಿಸಿಲಲ್ಲಿ ನಿಂತರೆ ಸಕ್ಕರೆ ಒಡೆಯುತ್ತದೆ. ಒಡೆದ ಸಕ್ಕರೆ ಬೆಳಕನ್ನು ಎಡಕ್ಕೆ ತಿರುಗಿಸಿದರೆ, ಸೂಕ್ಷ್ಮಾಣುಗಳು ಹುಟ್ಟಿಸುವ ಡೆಕ್ಸ್‌ಟ್ರಾನ್ ಬಲಕ್ಕೆ ತಿರುಗಿಸಿ ಇಲ್ಲದ ಸಿಹಿಯನ್ನು ತೋರಿಸುತ್ತದೆ. ಆದ್ದರಿಂದ ಮಾದರಿ ಯಾವಾಗ, ಎಲ್ಲಿಂದ, ಯಾರ ಎದುರು ತೆಗೆದದ್ದು ಎಂಬುದು ಬಹಳ ಮುಖ್ಯ. ಜೊತೆಗೆ ಎಥೆನಾಲ್ ಬಂದಿದೆ. ಹಿಂದೆ ಇಳುವರಿಯನ್ನು ಸಕ್ಕರೆಯ ಚೀಲಗಳಿಂದಲೇ ತಾಳೆ ನೋಡಬಹುದಿತ್ತು. 2018ರ ಜೈವಿಕ ಇಂಧನ ನೀತಿಯ ನಂತರ ರಸ ಮತ್ತು ಸಕ್ಕರೆಯಂಶ ಹೆಚ್ಚಿರುವ ಕಾಕಂಬಿ ಡಿಸ್ಟಿಲರಿಗೆ ಹರಿಯುತ್ತಿವೆ. ಚೀಲಕ್ಕೆ ಬಾರದ ಆ ಸಕ್ಕರೆಯನ್ನು ಪ್ರಯೋಗಾಲಯದ ಅಂಕಿಗಳ ಮೇಲೆಯೇ ಲೆಕ್ಕ ಹಾಕಬೇಕು.

ಇಷ್ಟು ಸೂಕ್ಷ್ಮವಾದ ಪರೀಕ್ಷೆ ರೈತನಿಗೆ ತಿಳಿಯುವುದೇ ಎಂಬ ಆಕ್ಷೇಪ ಬರಬಹುದು. ನಮ್ಮ ಹಳ್ಳಿಗಳ ಹಾಲಿನ ಡೇರಿಗಳು ಇದಕ್ಕೆ ಎಂದೋ ಉತ್ತರ ಕೊಟ್ಟಿವೆ. ಅಲ್ಲಿ ಕೊಬ್ಬಿನಂಶದ ಪರೀಕ್ಷೆ ಉತ್ಪಾದಕರ ಎದುರೇ ನಡೆಯುತ್ತದೆ. ಯಂತ್ರದ ಶಾಸ್ತ್ರ ಎಲ್ಲರಿಗೂ ತಿಳಿದಿರಬೇಕಿಲ್ಲ. ಪರೀಕ್ಷೆ ಕಣ್ಣೆದುರು ನಡೆದರೆ ಸಾಕು. ಎಲ್ಲ ಕಾರ್ಖಾನೆಗಳನ್ನೂ ಅನುಮಾನಿಸಬೇಕೆಂದು ಇದರ ಅರ್ಥವಲ್ಲ. ಪ್ರಾಮಾಣಿಕ ಕಾರ್ಖಾನೆಗೂ ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸಲು ಸಾಕ್ಷಿ ಬೇಕು.

ಆಗಬೇಕಾದದ್ದು ದೊಡ್ಡ ವೆಚ್ಚದ ಕೆಲಸವಲ್ಲ. ಮಾದರಿಯನ್ನು ಬೆಳೆಗಾರರ ಪ್ರತಿನಿಧಿಯ ಎದುರು ತೆಗೆದು, ಒಂದು ಪಾಲನ್ನು ಮೊಹರು ಮಾಡಿ ಇಡಬೇಕು. ಅಂದಿನ ಇಳುವರಿಯನ್ನೂ ಕ್ವಾರ್ಟ್ಸ್ ಬಿಲ್ಲೆಯಿಂದ ಉಪಕರಣ ಪರೀಕ್ಷಿಸಿದ ದಿನಾಂಕವನ್ನೂ ಕಾರ್ಖಾನೆಯ ಗೇಟಿನಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ತಕರಾರು ಬಂದಾಗ ಬೆಳಗಾವಿಯಲ್ಲೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗೆ ಮರುಪರೀಕ್ಷೆಯ ಅಧಿಕಾರ ನೀಡಬೇಕು.

ಘಟಪ್ರಭೆಯ ನೀರಿನ ಆಸರೆಯಲ್ಲಿ, ಹುಕ್ಕೇರಿ ತಾಲ್ಲೂಕಿನ ದಡ್ಡಿಯ ಕಡೆಯಿಂದ ಗೋಕಾಕ, ಮೂಡಲಗಿಯವರೆಗೆ ಹಬ್ಬಿರುವ ಈ ಸೀಮೆಯಲ್ಲಿ ಪ್ರತಿ ಹಂಗಾಮಿನಲ್ಲೂ ರಸ್ತೆ ತಡೆ ನಡೆಯುವುದು ಯಾರಿಗೂ ಹಿತವಲ್ಲ. ಬೆಲೆಯ ಬಗ್ಗೆ ಭಿನ್ನಾಭಿಪ್ರಾಯ ಇದ್ದೇ ಇರುತ್ತದೆ. ಅಳತೆಯ ಬಗ್ಗೆಯಾದರೂ ಅದು ಉಳಿಯಬಾರದು.