ಮೇಕೆಗಳ ಮಿದುಳುರೋಗದ ಪರೀಕ್ಷೆಯನ್ನು ಕೋರಿ ಮನವಿ ಪತ್ರ

ನ್ಯೂಜೆರ್ಸಿ ರಾಜ್ಯ ಕೃಷಿ ಇಲಾಖೆ, ಟ್ರೆಂಟನ್ ಹಾಗೂ ನ್ಯೂಯಾರ್ಕ್ ರಾಜ್ಯ ಕೃಷಿ ಮತ್ತು ಮಾರುಕಟ್ಟೆ ಇಲಾಖೆ, ಆಲ್ಬನಿ, ಇವುಗಳ ಪಶುವೈದ್ಯಾಧಿಕಾರಿಗಳ ಸನ್ನಿಧಿಗೆ

ಮಾನ್ಯರೇ,

ಉಭಯ ರಾಜ್ಯಗಳಲ್ಲಿ ನೆಲಸಿ, ಕೆಲವರು ಮೇಕೆಗಳನ್ನು ಸಾಕಿಯೂ ಹಲವರು ಅವುಗಳ ಹಾಲು ಮಾಂಸಗಳನ್ನು ಕೊಂಡೂ ಬಾಳುತ್ತಿರುವ ಕನ್ನಡ ಕುಟುಂಬಗಳವರಾದ ನಾವು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ:

1957ರಲ್ಲಿ ನಮ್ಮ ಮಲೆನಾಡಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ‘ಮಂಗನ ಕಾಯಿಲೆ’ ಎಂಬ ಒಂದೇ ಜ್ವರಕ್ಕೆ ಬಲಿಯಾಗಿ, ಅದಕ್ಕೆ ಉಣುಗಿನಿಂದ ಹರಡುವ ವಿಷಾಣುವೇ ಕಾರಣವೆಂದು ತಿಳಿದುಬಂದಂದಿನಿಂದ, ಅಲ್ಲಿ ಕಾಡಿನೊಳಗೊಂದು ಮಂಗ ಸತ್ತರೂ ಅದನ್ನು ಊರಿಗೆ ಬಂದ ಎಚ್ಚರಿಕೆಯೆಂದೇ ಜನರು ಭಾವಿಸುತ್ತಾರೆ. ಆ ವಿಷಾಣುವಿನ ಕುಲಕ್ಕೇ ಸೇರಿದ ಪೊವಾಸನ್ ವಿಷಾಣು ಹಡ್ಸನ್ ಕಣಿವೆಯ ಜಿಂಕೆಯುಣುಗುಗಳಲ್ಲಿ ನೆಲೆಗೊಂಡಿದೆ. ಉಣುಗು ಕಚ್ಚಿದ 15 ನಿಮಿಷಗಳೊಳಗೇ ಅದು ಶರೀರವನ್ನು ಪ್ರವೇಶಿಸಬಲ್ಲುದು. ಅದರಿಂದ ಮಿದುಳಿನ ಉರಿಯೂತಕ್ಕೆ ತುತ್ತಾದ ಮನುಷ್ಯರಲ್ಲಿ ಹತ್ತರಲ್ಲೊಬ್ಬರು ಮೃತರಾಗುತ್ತಾರೆ, ಬದುಕುಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸ್ಮೃತಿ, ಚಲನಶಕ್ತಿಗಳ ಊನದಿಂದ ನರಳುತ್ತಾರೆ. ಇದಕ್ಕೆ ಲಸಿಕೆಯಿಲ್ಲ. ಇದರ ಮೇಲೆ, 2017ರಲ್ಲಿ ನ್ಯೂಜೆರ್ಸಿಯ ಹಂಟರ್ಡನ್ ಕೌಂಟಿಯ ಕುರಿಯೊಂದರ ಮೈಮೇಲೆ ಕಾಣಿಸಿಕೊಂಡ ಏಷ್ಯಾ ಮೂಲದ ಉದ್ದಕೊಂಬಿನ ಉಣುಗು, ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಸಜಾತೀಯವಾಗಿದ್ದು, ಪೊವಾಸನ್ ವಿಷಾಣುವನ್ನು ಸಾಗಿಸಬಲ್ಲುದೆಂದು ಪ್ರಯೋಗಶಾಲೆಯಲ್ಲಿ ಸಿದ್ಧವಾಗಿದೆ.

ಮೇಕೆಗಳು ಈ ಭಯಕ್ಕೆ ಹೊರತಲ್ಲ. ಸ್ಪೇನಿನ ಆಸ್ತೂರಿಯಾಸ್ ಪ್ರಾಂತದಲ್ಲಿ 2011ರಲ್ಲಿ ಇದೇ ಗುಂಪಿನ ವಿಷಾಣುವೊಂದು ಮೇಕೆಗಳ ಮಿದುಳನ್ನು ಕೆಡಿಸಿ ಕೊಂದಿತು. ಪೊವಾಸನ್ ಸೋಂಕಿನ ಮೇಕೆಯ ಹಾಲಿನಲ್ಲಿ ವಿಷಾಣು ಹೊರಬರುವುದೆಂಬುದು 1977ರಲ್ಲಿಯೇ ಪ್ರಯೋಗದಿಂದ ತಿಳಿದುಬಂದ ಸಂಗತಿ. ಆದರೂ ಇಲ್ಲಿ ಕೊರಳು ಓರೆಯಾಗಿ, ಕಾಲು ತಡವರಿಸುತ್ತ, ಒಂದೇ ಕಡೆಗೆ ಸುತ್ತುವ ಮೇಕೆಯನ್ನು ಕಂಡಾಗ ಲಿಸ್ಟೀರಿಯಾ ಸೋಂಕನ್ನೋ ಜಿಂಕೆಗಳಿಂದ ಬರುವ ಮಿದುಳುಪೊರೆಯ ಹುಳುವನ್ನೋ ಊಹಿಸುವುದು ಸಹಜವಾಗಿದೆ. ಆ ಊಹೆ ಬಹುವೇಳೆ ಸರಿಯಿರಬಹುದು. ಆದರೆ ಪರೀಕ್ಷೆಯಿಲ್ಲದ ಊಹೆಯ ಮೇಲೆ ಮನುಷ್ಯರ ಕ್ಷೇಮವನ್ನು ನಿಲ್ಲಿಸುವುದು ಯುಕ್ತವಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಆದಕಾರಣ, ನರರೋಗದ ಲಕ್ಷಣಗಳಿಂದ ಸತ್ತ ಮೇಕೆಯ ಮಿದುಳು ರೇಬಿಸ್ ಪರೀಕ್ಷೆಯಲ್ಲಿ ನಿರ್ದೋಷವೆಂದು ಕಂಡೊಡನೆ ವಿಚಾರಣೆಯನ್ನು ಮುಗಿಸದೆ, ಪೊವಾಸನ್ ವಿಷಾಣುವಿಗಾಗಿಯೂ ಅದನ್ನು ಸರ್ಕಾರದ ವೆಚ್ಚದಲ್ಲಿ ಪರೀಕ್ಷಿಸಬೇಕೆಂದೂ, ಹತ್ತಿಪ್ಪತ್ತು ಮೇಕೆಗಳ ಬಡ ಸಾಕಣೆದಾರನ ತಲೆಗೆ ಆ ಹೊರೆಯನ್ನು ಕಟ್ಟಬಾರದೆಂದೂ ಪ್ರಾರ್ಥಿಸುತ್ತೇವೆ. ಫಲಿತಾಂಶವನ್ನು ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸತಕ್ಕದ್ದು. ನ್ಯೂಯಾರ್ಕಿನಲ್ಲಿ ಪರವಾನಗಿ ಪಡೆದು ಹಸಿ ಹಾಲನ್ನು ಮಾರುವ ಮೇಕೆ ಸಾಕಣೆದಾರರಿಗೂ ಅದನ್ನು ಕೊಳ್ಳುವವರಿಗೂ ಈ ಅಪಾಯವನ್ನು ತಿಳಿಸಿ, ಕಾಯಿಸಿ ಕುಡಿಯುವಂತೆ ಬೋಧಿಸುವುದು ಅಗತ್ಯ.

ಎಳೆಯುಣುಗುಗಳು ಏಳುವ ಮುಂದಿನ ವಸಂತಕ್ಕೆ ಮೊದಲೇ ಈ ವಿಷಯದಲ್ಲಿ ತಮ್ಮ ಆಜ್ಞೆಯನ್ನು ಲಿಖಿತವಾಗಿ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇವೆ.

ಇತಿ, ತಮ್ಮ ವಿಶ್ವಾಸಿಗಳಾದ
ಕನ್ನಡ ಕುಟುಂಬಗಳವರು